ಚಿಕ್ಕಮ್ಮ ಇನ್ನೂ ಮಲಗಿಲ್ಲ

ನಮ್ಮ ಮನೆಯ ಕುದುರೆಗೆ ಸವತಿ ಎಂದು ಹೆಸರಿಟ್ಟವಳು ನಾನೇ. ನನ್ನ ಗಂಡನದು ಬೀಗ ರಿಪೇರಿ ಕೆಲಸ. ಮುಚ್ಚಿಹೋದ ಯಾವುದೋ ಸವಾರಿ ಶಾಲೆಯ ಗೇಟಿನ ಬೀಗ ತೆಗೆಯಲು ಹೋದವರು ಸಂಜೆ ಕುದುರೆ ಹಿಡಿದುಕೊಂಡು ಬಂದರು. ಅಲ್ಲಿಯವರು ಮಿಕ್ಕಿದ್ದನ್ನೆಲ್ಲ ಮಾರಿ, ವಯಸ್ಸಾದ ಇದೊಂದನ್ನು ಯಾರೂ ಕೇಳಲಿಲ್ಲವೆಂದು ಬಿಟ್ಟಿದ್ದರಂತೆ. ಬೀಗದವರಿಗೆ ಕುದುರೆ ಯಾಕೆ ಎಂದು ಕೇಳಿದೆ.

“ಪಾಪ, ಒಬ್ಳೇ ನಿಂತಿದ್ಲು ಕಣೇ” ಅಂದರು.

“ದಾರೀಲಿ ಒಬ್ಳೇ ನಿಂತಿರೋರನ್ನೆಲ್ಲ ಕರ್ಕೊಂಡು ಬರ್ತೀರಾ? ಹಾಗಾದ್ರೆ ನಾನ್ಯಾಕೆ ಇಲ್ಲಿ?”

ಅಂದಿನಿಂದ ಅವಳು ನನಗೆ ಸವತಿ. ಅಮ್ಮನ ಸವತಿ, ಮಗಳಿಗೆ ಏನಾಗಬೇಕು? ಚಿಕ್ಕಮ್ಮ. ಮಗಳು ಆ ಹೆಸರನ್ನೇ ಹಿಡಿದುಕೊಂಡಳು. ಅವರು ಹಿತ್ತಿಲಲ್ಲಿ ಕುದುರೆಯ ಮೈ ಉಜ್ಜುತ್ತ ಹೊತ್ತು ಕಳೆದರೆ ನಾನು ಅಡುಗೆಮನೆಯಿಂದ, “ಊಟ ಇವತ್ತು ದೊಡ್ಡವಳ ಮನೇಲೋ, ಚಿಕ್ಕವಳ ಮನೇಲೋ?” ಎಂದು ಕೂಗುತ್ತಿದ್ದೆ. ಅವರು ನಗುತ್ತಿದ್ದರು.

ಅವರು ತೀರಿಕೊಂಡು ವರ್ಷವಾಗುತ್ತ ಬಂದಾಗ ಮನೆಯೊಡೆಯರಿಗೆ ಹಿತ್ತಿಲ ಸಮೇತ ಮನೆ ವಾಪಸ್ ಬೇಕಾಯಿತು. ನಾನೂ ಮಗಳೂ ಮೂರನೇ ಮಹಡಿಯ ಎರಡು ಕೋಣೆಗೆ ಬಂದೆವು. ಮೂರನೇ ಮಹಡಿಗೆ ಕುದುರೆ ಹತ್ತುವುದಿಲ್ಲ. ಹತ್ತಿದರೂ ಕೆಳಗಿನ ಮನೆಯವರು ಸುಮ್ಮನಿರುವವರಲ್ಲ. ಮಗಳು ಹಗ್ಗ ಹಾರಿದರೇ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾರೆ.

ಹಾಗಾಗಿ ಸವತಿಯನ್ನು ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರದ ಲಾಯದಲ್ಲಿ ಬಿಟ್ಟೆ. ಬೇರೆಯವರ ಕುದುರೆಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಅದು. ತಗಡಿನ ಚಾವಣಿಯ ಉದ್ದನೆಯ ಕಟ್ಟಡ, ಎರಡೂ ಬದಿಗೆ ಮರದ ಹಲಗೆಯ ಕೋಣೆಗಳು, ನಡುವೆ ತೊಳೆದ ಸಿಮೆಂಟಿನ ಓಣಿ. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ದೊಡ್ಡ ಆಳು, ದೊಡ್ಡ ದನಿ. ಮೊದಲ ದಿನ ಕುದುರೆಯ ಹೆಸರು ಕೇಳಿದಳು.

“ಸವತಿ” ಎಂದೆ.

“ಚಿಕ್ಕಮ್ಮ” ಎಂದಳು ಮಗಳು, ಅದೇ ಹೊತ್ತಿಗೆ.

ದೊಡ್ಡಕ್ಕ ಇಬ್ಬರನ್ನೂ ನೋಡಿದಳು. “ನಿಮ್ಮ ಮನೆ ವಿಷಯ ನನಗೆ ಬೇಡಮ್ಮಾ. ಚಿಕ್ಕಮ್ಮ ಅಂತಾನೇ ಕರೀತೀನಿ, ಮರ್ಯಾದೆಯಾಗಿರುತ್ತೆ.”

ಸವತಿ ಮೇವು ತಿಂದಳು, ನೀರು ಕುಡಿದಳು, ಯಾರನ್ನೂ ಒದೆಯಲಿಲ್ಲ. ಆದರೆ ಮಲಗಲಿಲ್ಲ.

ಕುದುರೆ ನಿಂತೇ ತೂಕಡಿಸುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಗಾಢ ನಿದ್ದೆಗೆ ಮಾತ್ರ ಅದು ನೆಲಕ್ಕೊರಗಲೇಬೇಕು ಎನ್ನುವುದು ಗೊತ್ತಿರಲಿಲ್ಲ. ದೊಡ್ಡಕ್ಕ ದಿನವೂ ಬೆಳಗ್ಗೆ ಒಂದೊಂದೇ ಕೋಣೆಯ ಮುಂದೆ ನಿಂತು ಕುದುರೆಯ ಪಕ್ಕೆ ನೋಡುತ್ತಾಳೆ. ಹಾಸಿದ ಒಣಹುಲ್ಲಿನ ಎಳೆ ಮೈಗೆ ಅಂಟಿದ್ದರೆ ಕುದುರೆ ಮಲಗಿದೆ ಎಂದರ್ಥ. ಸವತಿಯ ಕಂದು ಮೈ ದಿನವೂ ಹೊಸದಾಗಿ ಉಜ್ಜಿದಂತೆ ನುಣ್ಣಗಿತ್ತು. ವಾರ ತಿರುಗುವುದರೊಳಗೆ ನಿಂತಲ್ಲೇ ಕಣ್ಣು ಮುಚ್ಚಿ, ಮುಂಗಾಲು ಮಡಿಸಿ ಕುಸಿದು, ಬೆಚ್ಚಿ ಎದ್ದು ನಿಲ್ಲತೊಡಗಿದಳು. ಮಂಡಿಯ ಚರ್ಮ ಕಿತ್ತುಹೋಯಿತು. ಬಂದು ನೋಡಿದ ಪಶುವೈದ್ಯರು ಗಾಯಕ್ಕೆ ಮುಲಾಮು ಹಚ್ಚಿ, “ಒಂದು ಸಲ ಜೋರಾಗಿ ಬಿದ್ದು ಮೂಳೆ ಮುರಿದ್ರೆ ಇವಳನ್ನ ಎಬ್ಬಿಸೋಕಾಗಲ್ಲ. ಅದಕ್ಕೆ ಮುಂಚೆ ಹೇಗಾದ್ರೂ ಮಲಗಿಸಿ” ಎಂದು ಹೋದರು. ಹೇಗೆ ಎಂದು ಹೇಳಲಿಲ್ಲ.

ನಾನು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ಒಗೆದ ಹಾಸುಗಳನ್ನು ಇಸ್ತ್ರಿಯ ಬಿಸಿ ಉರುಳೆಗೆ ಕೊಡುವುದು, ಆಚೆ ಬಂದದ್ದನ್ನು ಮಡಿಸುವುದು ನನ್ನ ಕೆಲಸ. ಎರಡೂ ಕೈ ತುಂಬಿರುವುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಪಾಟಿನ ಮೇಲಿಡುತ್ತೇನೆ. ಆ ದಿನ ದೊಡ್ಡಕ್ಕನ ದನಿ ಯಂತ್ರಗಳ ಸದ್ದನ್ನೂ ಮೀರಿ ಬಂತು: “ನಿಮ್ಮ ಚಿಕ್ಕಮ್ಮ ಇನ್ನೂ ಮಲಗಿಲ್ಲ ಕಣಮ್ಮಾ! ಮತ್ತೆ ಮಂಡಿ ಕುಸೀತು!”

ಮೇಲ್ವಿಚಾರಕರು ಓಡಿ ಬಂದರು. “ಏನ್ರೀ ಅದು? ಎಷ್ಟು ದಿನ ಆಯ್ತು ಮಲಗಿ?”

“ಅಲ್ಲಿಗೆ ಹೋದಾಗಿಂದ್ಲೂ ಇಲ್ಲ ಸರ್. ನಿಂತೇ ಇದ್ದಾಳೆ.”

“ಅಯ್ಯಯ್ಯೋ. ವಯಸ್ಸೆಷ್ಟು?”

“ಹದಿನೆಂಟು.”

ಅವರು ಕನ್ನಡಕ ತೆಗೆದರು. “ನಿಮ್ಮ ಚಿಕ್ಕಮ್ಮಂಗಾ?”

ವಿಷಯ ತಿಳಿದ ಮೇಲೆ ಅವರು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ನಕ್ಕು ಮುಗಿದ ಮೇಲೆ ಪಾಳಿಯ ಪಟ್ಟಿ ತೆಗೆದರು. ನನ್ನನ್ನು ಬೆಳಗಿನ ಪಾಳಿಗೆ ಹಾಕಿ, ಮಧ್ಯಾಹ್ನ ಬಿಟ್ಟುಕೊಟ್ಟರು. “ಕುದುರೆ ನಿದ್ದೆಗೋಸ್ಕರ ಪಾಳಿ ಬದಲಾಯಿಸಿದೆ ಅಂತ ಹೊರಗಡೆ ಹೇಳ್ಬೇಡಿ ಮಾರಾಯ್ರೇ, ನಾಳೆ ಎಲ್ರೂ ನಾಯಿ, ಬೆಕ್ಕು ಹಿಡ್ಕೊಂಡು ಬರ್ತಾರೆ.”

ಮಧ್ಯಾಹ್ನಗಳು ಸಿಕ್ಕವು. ಮೊದಲ ಮಧ್ಯಾಹ್ನ ನಾನು ನನ್ನ ಗಂಡನ ಕೋಟು ತೆಗೆದುಕೊಂಡು ಹೋದೆ. ಕೆಲಸದ ಕೋಟು, ತೋಳಿನ ತುದಿಯಲ್ಲಿ ಎಣ್ಣೆಯ ಕರೆ, ಜೇಬಿನಲ್ಲಿ ಲೋಹದ ಪುಡಿ. ದಿನವಿಡೀ ಒಗೆದ ಬಟ್ಟೆಯ ನಡುವೆ ನಿಲ್ಲುವ ನಾನು ಅದೊಂದನ್ನು ಒಗೆದಿರಲಿಲ್ಲ. ಪರಿಚಿತ ವಾಸನೆ ಸಿಕ್ಕರೆ ಮಲಗುತ್ತಾಳೆ ಎಂದು ಗೋದಲಿಯ ಪಕ್ಕದ ಮೊಳೆಗೆ ತೂಗುಹಾಕಿದೆ. ಸವತಿ ಬಂದಳು, ಮೂಸಿದಳು, ಒಮ್ಮೆ ದೀರ್ಘವಾಗಿ ಉಸಿರುಬಿಟ್ಟಳು. ಆಮೇಲೆ ಅವಳು ಕೋಟನ್ನು ಹಲ್ಲಿನಿಂದ ಎಳೆದು ಕೆಳಗೆ ಹಾಕಿ, ಅದರ ಮೇಲೆ ನಿಂತು, ಹಿಂಗಾಲು ಅಗಲಿಸಿ ಉಚ್ಚೆ ಹೊಯ್ದಳು.

ದೊಡ್ಡಕ್ಕ ಬಾಗಿಲ ಹಲಗೆಗೆ ತಲೆಯಿಟ್ಟು ನಗು ತಡೆಯುತ್ತಿದ್ದಳು. “ಗಂಡನ ಬಟ್ಟೆಗೆ ಯಾವ ಹೆಂಡ್ತಿಯಾದ್ರೂ ಹೀಗೆ ಮಾಡ್ತಾಳಾ?”

“ನನಗೂ ಎಷ್ಟೋ ಸಲ ಅನ್ನಿಸಿತ್ತು” ಎಂದೆ. ನಕ್ಕೆ. ಕೋಟನ್ನು ಅಲ್ಲಿಯೇ ಬಕೆಟಿನಲ್ಲಿ ನೆನೆಸಿ ಒಗೆದೆ. ಸೋಪಿನ ಜೊತೆ ಅವರ ವಾಸನೆಯೂ ಹೋಯಿತು. ಒಣಗುವವರೆಗೆ ಕಾಯದೆ, ಹಿಂಡಿ ಚೀಲಕ್ಕೆ ತುರುಕಿಕೊಂಡೆ.

ಅಂದೇ ದೊಡ್ಡಕ್ಕ ಕೇಳಿದಳು, “ಹಳೇ ಮನೇಲಿ ಇವಳು ಮಲಗ್ತಿದ್ಲಾ?”

“ಮಲಗ್ತಿದ್ಲು.”

“ಇವು ಗುಂಪಿನ ಜೀವ ನೋಡಿ. ಒಬ್ರು ನಿಂತು ಕಾಯ್ತಿದ್ರೇನೇ ಇನ್ನೊಬ್ರು ನೆಲಕ್ಕೆ ಮೈ ಕೊಡೋದು. ಅಲ್ಲಿ ಕುದುರೆ ಬೇರೆ ಇರ್ಲಿಲ್ಲ ಅಂತೀರಿ. ಮತ್ತೆ ರಾತ್ರಿ ಯಾರು ಎದ್ದಿರ್ತಿದ್ರು? ನಿಮ್ಮ ಯಜಮಾನ್ರಾ?”

“ಅವರು ತಲೆದಿಂಬಿಗೆ ತಲೆ ಕೊಟ್ರೆ ಬೆಳಗಾಗಬೇಕು. ನಾನು ಎದ್ದಿರ್ತಿದ್ದೆ. ಇಸ್ತ್ರಿ ಮಾಡ್ತಾ. ಅಡುಗೆಮನೆ ಕಿಟಕಿ ಹಿತ್ತಿಲಿಗೇ ಇತ್ತು.”

“ಸರಿ ಹೋಯ್ತು. ನೀವೇ ಕಣಮ್ಮಾ ಇವಳ ಕಾವಲು.”

ಆ ಮಾತು ಕೇಳಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ. ಇಷ್ಟು ವರ್ಷ ಅವಳು ಅವರ ಕುದುರೆ ಎಂದುಕೊಂಡಿದ್ದೆ. ಅವರು ಪ್ರೀತಿಸಿದರು, ನಾನು ಗೊಣಗಿದೆ. ಅವಳು ಮಾತ್ರ ನನ್ನ ಕಿಟಕಿಯ ಬೆಳಕು ನೋಡಿಕೊಂಡು ಮಲಗುತ್ತಿದ್ದಳು. ಇನ್ನೂ ಒಬ್ಬಳಿಗೆ ನಾನು ಬೇಕು, ಬಟ್ಟೆ ಮಡಿಸುವುದಕ್ಕಲ್ಲ, ಶಾಲೆಯ ಡಬ್ಬಿ ತುಂಬುವುದಕ್ಕಲ್ಲ, ಸುಮ್ಮನೆ ಎದ್ದಿರುವುದಕ್ಕೆ. ಆ ಸಂಜೆ ಮಗಳಿಗೆ ಹೇಳಿದೆ, “ನಿನ್ನ ಚಿಕ್ಕಮ್ಮನ್ನ ನಾನೇ ಮಲಗಿಸ್ತೀನಿ ನೋಡ್ತಿರು.”

ಅಲ್ಲಿಂದ ಮುಂದೆ ಪಾಳಿ ಮುಗಿಸಿ ನೇರ ಲಾಯಕ್ಕೆ ಹೋಗುತ್ತಿದ್ದೆ. ಅವಳ ಕೋಣೆಯ ಮೂಲೆಯಲ್ಲಿ ಬಕೆಟ್ ಬೋರಲು ಹಾಕಿ, ಗೋಡೆಗೆ ಒರಗಿ ಕೂರುತ್ತಿದ್ದೆ. ಮಧ್ಯಾಹ್ನದ ಲಾಯದಲ್ಲಿ ಸದ್ದು ಕಡಿಮೆ. ಮೇವು ಅಗಿಯುವುದು, ಬಾಲ ಬೀಸುವುದು, ಎಲ್ಲೋ ಒಂದು ಗೊರಸು ಹಲಗೆಗೆ ತಾಗುವುದು. ಸವತಿ ಹತ್ತಿರ ಬಂದು ನಿಲ್ಲುತ್ತಿದ್ದಳು. ಮೂಗಿನ ಬಿಸಿ ಗಾಳಿ ನನ್ನ ಕೂದಲಿಗೆ ತಾಗುತ್ತಿತ್ತು. “ಮಲಗೇ. ನಾನಿದ್ದೀನಲ್ಲ” ಎನ್ನುತ್ತಿದ್ದೆ.

ಹೊಸ ಮನೆಯಲ್ಲಿ ನನಗೂ ನಿದ್ದೆಯಿರಲಿಲ್ಲ. ಮುಂಬಾಗಿಲ ಬೀಗ ಸರಿಯಾಗಿ ಬೀಳುತ್ತಿರಲಿಲ್ಲ. ಬೀಗದವರ ಹೆಂಡತಿಯಾಗಿ ಇನ್ನೊಬ್ಬ ಬೀಗದವನನ್ನು ಮನೆಗೆ ಕರೆಸಲು ಮನಸ್ಸೊಪ್ಪಲಿಲ್ಲ. ಮಗಳು ಮಲಗಿದ ಮೇಲೆ ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ನಾನೇ ಕೂರುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಅದು ಯಾವ ಮಹಡಿಗೆ ಹೋಗುತ್ತದೆಂದು ಕಿವಿಗೊಡುತ್ತಿದ್ದೆ. ಬೆಳಗ್ಗೆ ಎದ್ದು ಪಾಳಿಗೆ ಹೊರಟಾಗ ಕಣ್ಣೊಳಗೆ ಮರಳು ಹೊಯ್ದಂತಿರುತ್ತಿತ್ತು.

ದಿನವೂ ಮಗಳು ಶಾಲೆಯಿಂದ ಬಂದೊಡನೆ ಕೇಳುವುದು ಒಂದೇ. “ಹುಲ್ಲಿತ್ತಾ?”

“ಇವತ್ತಿಲ್ಲ. ನಾಳೆ ಇರುತ್ತೆ.”

“ನೀನೇನು ಮಾಡ್ತೀಯ ಅಲ್ಲಿ?”

“ಕಾಯ್ತೀನಿ.”

ಮಂಡಿಯ ಗಾಯ ಮಾತ್ರ ದೊಡ್ಡದಾಗುತ್ತಿತ್ತು. ಎಡಗಾಲು ಊರಲು ಸವತಿ ಹಿಂಜರಿಯುತ್ತಿದ್ದಳು. ಒಂದು ಮಧ್ಯಾಹ್ನ ದೊಡ್ಡಕ್ಕ ನನ್ನ ಭುಜ ಅಲುಗಾಡಿಸಿದಳು. ಕಣ್ಣು ಬಿಟ್ಟೆ. ಎದುರಿಗೆ ಕುದುರೆಯ ಎದೆ, ಅದರಾಚೆ ದೊಡ್ಡಕ್ಕನ ಮುಖ. ಅವಳು ನನ್ನನ್ನು ಓಣಿಗೆ ಕರೆದುಕೊಂಡು ಬಂದಳು.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನೀವು ಬಂದು ಕೂತ್ಕೊಳ್ತೀರಿ. ಅರೆಗಳಿಗೆ. ಆಮೇಲೆ ತಲೆ ಗೋಡೆಗೆ. ಗೊರಕೆ ಬೇರೆ.”

“ನಾನು ಗೊರಕೆ ಹೊಡೆಯಲ್ಲ.”

“ಸಾಕ್ಷಿ ಬೇಕಾ? ಇಷ್ಟು ಜನ ನಿಂತಿದ್ದಾರೆ ನೋಡಿ, ಕೇಳ್ಕೊಳ್ಳಿ” ಎಂದು ಓಣಿಯುದ್ದಕ್ಕೂ ಕೈ ತೋರಿಸಿದಳು. ಆಮೇಲೆ ದನಿ ತಗ್ಗಿಸಿದಳು. “ನೀವು ಮಲಗಿದ ಕೂಡ್ಲೇ ಅವಳು ನಿಮ್ಮನ್ನ ಹಿಂದೆ ಹಾಕ್ಕೊಂಡು ಬಾಗಿಲ ಕಡೆ ಮುಖ ಮಾಡಿ ನಿಲ್ತಾಳೆ. ನಾನು ಹತ್ರ ಹೋದ್ರೂ ಕಿವಿ ಹಿಂದಕ್ಕೆ ಮಾಡ್ತಾಳೆ. ರಾತ್ರಿ ಅವಳನ್ನ ಕಾಯೋರಿಲ್ಲ ಅಂತ ಮಲಗಲ್ಲ. ಹಗಲು ಹೊತ್ತು ನಿಮ್ಮನ್ನ ಕಾಯ್ತಾಳೆ. ಇನ್ಯಾವಾಗ ಮಲಗ್ಬೇಕಮ್ಮಾ ಅವಳು?”

ನನ್ನ ಸೆರಗಿಗೂ ತೋಳಿಗೂ ಒಣಹುಲ್ಲು ಅಂಟಿತ್ತು. ಬಿಡಿಸುತ್ತ ನಿಂತೆ. ವರ್ಷದಿಂದೀಚೆಗೆ ನಾನು ಮೈಮರೆತು ನಿದ್ದೆ ಮಾಡಿದ್ದು ಆ ಬಕೆಟಿನ ಮೇಲೆ ಮಾತ್ರ.

“ಎದ್ದಿರೋಕೆ ಪ್ರಯತ್ನ ಮಾಡ್ತೀನಿ” ಎಂದೆ.

“ಆಗಲ್ಲ ನಿಮ್ಮ ಕೈಲಿ. ಕನ್ನಡೀಲಿ ಮುಖ ನೋಡ್ಕೊಂಡಿದ್ದೀರಾ?” ಅವಳು ಓಣಿಯ ಕೊನೆಯಲ್ಲಿದ್ದ ಮುದಿ ಬಿಳಿ ಕುದುರೆಯತ್ತ ಗದ್ದ ಚಾಚಿದಳು. ಎಲ್ಲರನ್ನೂ ಗುರಾಯಿಸುವ ಅದಕ್ಕೆ ಹೆಡ್‌ಮಾಸ್ತರ್ ಎಂದು ಹೆಸರು. “ಅವನನ್ನ ಪಕ್ಕದ ಕೋಣೆಗೆ ತರ್ತೀನಿ. ನಡುವಿನ ಮೇಲಿನ ಹಲಗೆ ಕಿತ್ತುಹಾಕ್ತೀನಿ, ಮುಖ ಮುಖ ನೋಡ್ಕೊಳ್ಲಿ. ನೀವು ಒಂದಷ್ಟು ದಿನ ಬರ್ಬೇಡಿ.”

“ನನ್ನನ್ನ ಹುಡುಕಿದ್ರೆ?”

“ಹುಡುಕ್ಲಿ. ನೀವಿರೋವರೆಗೂ ಅವಳು ಇನ್ನೊಬ್ರನ್ನ ನಂಬಲ್ಲ.”

ಹೋಗಲಿಲ್ಲ. ಪಾಳಿ ಮುಗಿದೊಡನೆ ಕಾಲು ಆ ಬಸ್ಸಿನ ಕಡೆಗೇ ತಿರುಗುತ್ತಿತ್ತು. ಎಳೆದುಕೊಂಡು ಮನೆಗೆ ಬರುತ್ತಿದ್ದೆ. ಮಗಳು ಬರುವವರೆಗೆ ಆ ಎರಡು ಕೋಣೆಯಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಒರೆಸಿದ್ದನ್ನೇ ಒರೆಸಿದೆ. ಫೋನು ಮಾಡಿದರೆ ದೊಡ್ಡಕ್ಕ, “ಹೆಡ್‌ಮಾಸ್ತರು ಕಚ್ಚೋಕೆ ಹೋದ, ಇವಳು ವಾಪಸ್ ಕಚ್ಚಿದ್ಲು. ಈಗ ಮಾತುಕತೆ ಶುರುವಾಗಿದೆ” ಎನ್ನುವಳು. ಇನ್ನೊಂದು ದಿನ, “ನೀವು ಬರೋ ಹೊತ್ತಿಗೆ ಬಾಗಿಲ ಹತ್ರ ನಿಂತು ನೋಡ್ತಾಳೆ” ಎಂದಳು. ಆ ದಿನ ಫೋನಿಟ್ಟ ಮೇಲೆ ಬಹಳ ಹೊತ್ತು ಚಪ್ಪಲಿ ಹಾಕಿಕೊಂಡೇ ಕೂತಿದ್ದೆ. ಆಮೇಲೆ ಬಿಚ್ಚಿಟ್ಟೆ.

ಕೊನೆಗೆ ಒಂದು ದಿನ, ಹಾಸುಗಳ ರಾಶಿಯ ನಡುವೆ ಫೋನು ಕೂಗಿತು. “ಹುಲ್ಲಿದೆ ಕಣಮ್ಮಾ! ಪಕ್ಕೆ ತುಂಬಾ ಹುಲ್ಲು!”

ಮೇಲ್ವಿಚಾರಕರು ಆಚೆಯಿಂದಲೇ, “ಮಲಗಿದ್ರಾ ನಿಮ್ಮ ಚಿಕ್ಕಮ್ಮ?” ಎಂದು ಕೂಗಿದರು. ಉರುಳೆಯ ಬಳಿಯಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಲಾಯದ ಬಾಗಿಲಲ್ಲೇ ದೊಡ್ಡಕ್ಕ ಬಾಯಿಗೆ ಬೆರಳಿಟ್ಟಳು. ಇಬ್ಬರೂ ಸದ್ದಾಗದಂತೆ ನಡೆದೆವು. ಸವತಿ ಪೂರಾ ಪಕ್ಕಕ್ಕೆ ಉರುಳಿ, ನಾಲ್ಕೂ ಕಾಲು ಚಾಚಿ ಮಲಗಿದ್ದಳು. ಕೆಳತುಟಿ ಜೋತುಬಿದ್ದಿತ್ತು. ಕನಸಿನಲ್ಲಿ ಎಲ್ಲಿಗೋ ಓಡುವಂತೆ ಗೊರಸುಗಳು ಅಲುಗುತ್ತಿದ್ದವು. ಹಲಗೆಯಾಚೆ ಹೆಡ್‌ಮಾಸ್ತರು ಕತ್ತೆತ್ತಿ ನಿಂತು ನನ್ನನ್ನು ಗುರಾಯಿಸಿದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ನನ್ನ ಕೈ ಬಾಗಿಲ ಅಗುಳಿಯ ಮೇಲಿತ್ತು. ಒಳಗೆ ಹೋಗಿ, ಆ ಜೂಲಿನಲ್ಲಿ ಮುಖವಿಟ್ಟು, ಒಂದು ಸಲ ಅವಳನ್ನು ಕರೆಯಬೇಕೆನಿಸಿತು. ಕರೆದಿದ್ದರೆ ಎದ್ದುಬಿಡುತ್ತಿದ್ದಳು. ಅದು ನನಗೆ ಖಂಡಿತ ಗೊತ್ತಿತ್ತು. ಹಾಗೆ ಗೊತ್ತಿರುವುದೇ ಒಂದು ಸುಖವಾಗಿತ್ತು. ಅಗುಳಿಯಿಂದ ಕೈ ತೆಗೆದೆ.

ಹೊರಗೆ ಬಂದ ಮೇಲೆ ಕೇಳಿದೆ, “ನಾಳೆ ಬರ್ಲಾ?”

ದೊಡ್ಡಕ್ಕ ಸುಳ್ಳು ಹೇಳುವವಳಲ್ಲ. “ಬರ್ಲೇಬೇಕು ಅಂತೇನಿಲ್ಲ ಇನ್ಮೇಲೆ. ರಜೆ ದಿನ ಮಗಳನ್ನ ಕರ್ಕೊಂಡು ಬನ್ನಿ, ಎದ್ದಿರೋ ಹೊತ್ತಿಗೆ. ಈಗ ಹೋಗಿ ಮನೇಲಿ ಮಲಗಿ.”

ಕೊನೆಯ ನಿಲ್ದಾಣದ ಬೆಂಚಿನ ಮೇಲೆ, ಲಾಯದ ತಗಡಿನ ಚಾವಣಿ ಕಾಣುವಂತೆ ಕೂತೆ. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಬಸ್ಸು ಬಂದು, ಖಾಲಿಯಾಗಿ, ತಿರುಗಿ ನಿಂತಿತು. ಡ್ರೈವರು ಬಾಗಿಲು ತೆರೆದು, “ಹತ್ತಲ್ವಾ ಅಕ್ಕಾ?” ಎಂದ.

“ಮುಂದಿನದಕ್ಕೆ” ಎಂದೆ.

ಅವನು ಬಾಗಿಲು ಹಾಕಿಕೊಂಡ.