ಕೊನೆಯ ಆರು ಸಾಲು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ, ಪತ್ರಿಕೆಯೊಂದರಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿದವಳು ನಾನು. ಬೇರೆಯವರು ಬರೆದದ್ದನ್ನು ಜಾಗಕ್ಕೆ ಹೊಂದಿಸುವುದಷ್ಟೇ ಗೊತ್ತು. ತಪ್ಪಿದ್ದರೆ ಕ್ಷಮಿಸಬೇಕು.

ನನ್ನ ಅಣ್ಣನದು ತಗಡಿನ ಕೆಲಸ. ಡಬ್ಬ, ಹೊಗೆ ಕೊಳವೆ ಮಾಡುತ್ತಾನೆ. ಹೋದ ವರ್ಷ ಸಿನಿಮಾದವರು ಬಂದು, ಬೇರೆ ಗ್ರಹದಿಂದ ಇಳಿಯುವ ರಾಕ್ಷಸನ ವೇಷ ಮಾಡಿಸಿಕೊಂಡರು. ಒಳಗಿರುವವನಿಗೆ ಮಂಡಿಯೂರಲು ಆಗಬೇಕೆಂದು ಅಣ್ಣ ನಾಲ್ಕು ತಿಂಗಳು ಮೊಣಕಾಲಿನ ಕೀಲನ್ನೇ ತಿದ್ದಿದ. ಅವನನ್ನು ಮುಂದಿನ ಚಿತ್ರಕ್ಕೆ ಕರೆಯುವ ಮನಸ್ಸು ಇನ್ನೊಬ್ಬ ನಿರ್ದೇಶಕರಿಗಿತ್ತು. "ವಿಮರ್ಶೆ ಬರಲಿ, ನೋಡೋಣ" ಅಂದಿದ್ದರು.

ಆ ವಿಮರ್ಶೆ ನನ್ನ ಪುಟಕ್ಕೇ ಬಂತು. ಮಧ್ಯಾಹ್ನ ಅಣ್ಣನ ಫೋನು.

"ಪುಟ್ಟೀ, ನನ್ನ ಕೆಲಸದ ಬಗ್ಗೆ ಏನಾದ್ರೂ ಇದ್ಯಾ?"

"ಇನ್ನೂ ಓದಿಲ್ಲ ಅಣ್ಣ."

ಓದಿದ್ದೆ. 'ನಾಯಕ ಭೂಮಿಯನ್ನು ಉಳಿಸುತ್ತಾನೆ, ಪ್ರೇಕ್ಷಕರನ್ನು ಉಳಿಸುವವರಿಲ್ಲ. ಆಕಾಶನೌಕೆ ದಾರಕ್ಕೆ ಜೋತುಬಿದ್ದಿದೆ. ದಾರದ ಅಭಿನಯವೇ ವಾಸಿ. ರಾಕ್ಷಸ ಬಂದರೆ, ಬಾಗಿಲು ಕಳಚಿದ ಫ್ರಿಜ್ಜು ನಡೆದು ಬಂದಂತಿರುತ್ತದೆ.' ಕೊನೆಯ ಆರು ಸಾಲು ಮಾತ್ರ ಬೇರೆ: 'ತಪ್ಪು ಬೆಳಕಿನದು, ಕ್ಯಾಮೆರಾದ್ದು. ರಾಕ್ಷಸ ಮಂಡಿಯೂರುವ ಒಂದೇ ಒಂದು ಹಗಲಿನ ದೃಶ್ಯದಲ್ಲಿ, ಆ ವೇಷ ಮಾಡಿದ ಕೈ ಎಂಥದೆಂದು ತಿಳಿಯುತ್ತದೆ. ಇಡೀ ಚಿತ್ರದಲ್ಲಿ ಕೆಲಸ ಬಲ್ಲವರು ಅವರೊಬ್ಬರೇ.'

ಐದು ಗಂಟೆಗೆ ಹಾಸಿಗೆ ಅಂಗಡಿಯ ಜಾಹೀರಾತು ಬಂತು. ಆರು ಸಾಲು ಹೋಗಬೇಕಾಯಿತು. ಹೆಚ್ಚಾದದ್ದನ್ನು ಕೆಳಗಿನಿಂದ ಕತ್ತರಿಸುವುದು ನಮ್ಮಲ್ಲಿ ರೂಢಿ. ಮುಖ್ಯಸ್ಥರ ಮೇಜಿಗೆ ಹೋದೆ.

"ಸಾರ್, ಮಧ್ಯದಿಂದ ತೆಗೀಲಾ?"

"ಯಾಕಮ್ಮ, ಮಧ್ಯ ಏನು ಪಾಪ ಮಾಡಿದೆ? ಬಾಲ ಕತ್ತರಿಸು. ಹಾಗೇ ಒಂದು ಶೀರ್ಷಿಕೆ ಕೊಡು."

ಆ ವೇಷ ಮಾಡಿದವನು ನನ್ನ ಅಣ್ಣ ಎಂದು ಹೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ಮನೆಯವರ ಪರ ವಹಿಸಿದಳು ಅಂದಾರು ಎಂದು ಹೆದರಿದೆ. ಕತ್ತರಿಸಿದೆ. ನಂತರ ಶೀರ್ಷಿಕೆ ಕೊಟ್ಟೆ: 'ಭೂಮಿಗಿಳಿದ ಫ್ರಿಜ್ಜು'.

ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭೇಷ್. ಆರು ವರ್ಷಕ್ಕೆ ಬಾಯಿಬಿಟ್ಟೆ ನೋಡು."

ಆ ಭೇಷ್ ನನಗೆ ಹಿತವಾಗಿತ್ತು. ಮುಚ್ಚಿಡಲಾರೆ.

ಬೆಳಿಗ್ಗೆ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು.

"ಕೇಳಿದ್ರಾ, ನಾಲ್ಕು ತಿಂಗಳು ಫ್ರಿಜ್ಜು ಮಾಡ್ತಿದ್ರಂತೆ. ಮನೆಗೊಂದು ಬೇಕು ಅಂತ ನಾನು ಬಾಯಿ ಬಡ್ಕೊಂಡಾಗ ಮಾತ್ರ ಕೈ ಬರ್ಲಿಲ್ಲ."

ಅಣ್ಣ ನನ್ನ ಕಡೆ ತಿರುಗಿದ. "ಶೀರ್ಷಿಕೆ ಯಾರದ್ದು ಪುಟ್ಟಿ?"

"ಆಫೀಸಿನವರದ್ದು."

"ಚೆನ್ನಾಗಿದೆ. ನಗು ಬರುತ್ತೆ." ಅವನು ನಗಲಿಲ್ಲ.

ಅಷ್ಟರಲ್ಲಿ ವಿಮರ್ಶೆಗೆ ಕಾದಿದ್ದ ಆ ನಿರ್ದೇಶಕರ ಫೋನು ಬಂತು. ಗಟ್ಟಿ ಧ್ವನಿಯವರು, ನಮಗೂ ಕೇಳಿಸಿತು. "ನಮ್ಮ ಕತೇಲಿ ಅಡುಗೆಮನೆ ಸೀನ್ ಬಂದ್ರೆ ಹೇಳಿಕಳಿಸ್ತೀನಿ ಮಾರಾಯ." ಅಣ್ಣ "ಆಯ್ತು ಸಾರ್" ಅಂದ. ಮಾದರಿಗೆಂದು ಕಪಾಟಿನ ಮೇಲಿಟ್ಟಿದ್ದ ಮೊಣಕಾಲಿನ ಕೀಲನ್ನು ತೆಗೆದುಕೊಂಡು ಅಂಗಡಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಅದು ಯಾರದೋ ಹೊಗೆ ಕೊಳವೆಯ ತಿರುವಾಗಿತ್ತು.

ಆ ಆರು ಸಾಲಿನ ಕಾಗದ ನನ್ನ ಕೈಚೀಲದಲ್ಲಿದೆ. ತೋರಿಸಿಲ್ಲ. ತೋರಿಸಿದರೆ ಯಾರು ಕತ್ತರಿಸಿದ್ದು ಎಂದು ಕೇಳುತ್ತಾನೆ. ಅವು ಅಚ್ಚಾಗಿದ್ದರೆ ಅವನಿಗೆ ಕೆಲಸ ಸಿಗುತ್ತಿತ್ತೇ, ಗೊತ್ತಿಲ್ಲ. ಕತ್ತರಿಸಿದ್ದು ರೂಢಿಯಂತೆ ಎನ್ನಬಹುದು. ಆ ಶೀರ್ಷಿಕೆ ಯಾಕೆ ಕೊಟ್ಟೆ ಎನ್ನುವುದೂ ನನಗೆ ಗೊತ್ತಿಲ್ಲ.