ಅಂಚಿಗೂ ಹೊಳಪು

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಕೊಠಡಿಯ ಸದ್ದು ನಿಲ್ಲುತ್ತಿತ್ತು. ಮರದ ಹೊಟ್ಟು ಮಾತ್ರ ನೆಲಕ್ಕಿಳಿಯಲು ಮನಸ್ಸಿಲ್ಲದಂತೆ ಕಿಟಕಿಯ ಬಿಸಿಲಿನಲ್ಲಿ ತೇಲುತ್ತಲೇ ಇರುತ್ತಿತ್ತು. ಬಾಗಿಲು, ಕಿಟಕಿ ಮಾಡುವ ಆ ಉದ್ದನೆಯ ಕೊಠಡಿಯಲ್ಲಿ ಆಗ ಅವಳೊಬ್ಬಳೇ ಉಳಿಯುತ್ತಿದ್ದಳು.

ಅವಳ ಕೆಲಸ ಪಾಲಿಶ್. ಅಣ್ಣ ಜೋಡಿಸಿದ ಬಾಗಿಲನ್ನು ಉಪ್ಪುಕಾಗದದಿಂದ ತಿಕ್ಕಿ, ಬಟ್ಟೆಯ ಉಂಡೆಯನ್ನು ಅರಗಿನ ಪಾಲಿಶ್‌ನಲ್ಲಿ ಅದ್ದಿ, ನೋಡುವವರ ಮುಖ ಕಾಣುವವರೆಗೆ ಉಜ್ಜುವುದು. ಸೋದರಮಾವ ಅವಳಿಗೆ ‘ಕನ್ನಡಿ’ ಎಂದು ಹೆಸರಿಟ್ಟದ್ದು ಅದಕ್ಕೇ. ಆ ಹೆಸರು ಅಂಟಿಕೊಂಡುಬಿಟ್ಟಿತು. ಈಗ ಅತ್ತಿಗೆಯೂ ಹಾಗೆಯೇ ಕರೆಯುತ್ತಾಳೆ.

ಮಾವನ ಕಣ್ಣು ಮಂಜಾಗಿ ಅವನು ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದ. ಅವನ ಕೆಲಸದ ಮೇಜು ಖಾಲಿ ಬಿದ್ದಿತ್ತು. ಅದನ್ನು ತೆಗೆದುಹಾಕಿ ಅಲ್ಲೊಂದು ಮರ ನುಣುಪು ಮಾಡುವ ಯಂತ್ರ ಕೂರಿಸಬೇಕೆಂದು ಅಣ್ಣ ಲೆಕ್ಕ ಹಾಕಿದ್ದ. ಕನ್ನಡಿಗೆ ಆ ಮೇಜು ಬೇಕಾಗಿತ್ತು. ಎಷ್ಟೋ ವರ್ಷಗಳಿಂದ ಬೇಕಾಗಿತ್ತು. ಬಾಯಿ ಬಿಟ್ಟು ಕೇಳಿದ್ದು ಮಾತ್ರ ಹೋದ ವಾರ, ಊಟಕ್ಕೆ ಕುಳಿತಾಗ.

“ಮೇಜು ತಗೊಂಡು ಏನ್ ಮಾಡ್ತೀಯಾ? ಬಟ್ಟೆ ಇಸ್ತ್ರಿ ಮಾಡ್ತೀಯಾ?” ಎಂದ ಅಣ್ಣ.

“ಬಾಗಿಲು ಮಾಡ್ತೀನಿ.”

“ಪಾಲಿಶ್ ಬೇರೆ, ಜೋಡಣೆ ಬೇರೆ ಕಣೇ. ಬಡಿಸೋರೆಲ್ಲ ಅಡುಗೆ ಮಾಡಿದ್ದೂ ತಾವೇ ಅಂದ್ಕೊಂಡ್ರೆ ಹೆಂಗೆ?”

“ಬಡಿಸೋಕೂ ಬರದೇ ಇರೋರು ಈ ಮನೇಲಿ ಒಬ್ರಿದ್ದಾರೆ. ಹೆಸರು ಹೇಳಲ್ಲ,” ಎಂದಳು ಅತ್ತಿಗೆ, ಗಂಡನ ತಟ್ಟೆಗೆ ಸಾರು ಹಾಕುತ್ತ.

ಅಣ್ಣ ನಗಲಿಲ್ಲ. “ಸೋಮವಾರ ಯಂತ್ರದವನು ಜಾಗ ಅಳೆಯೋಕೆ ಬರ್ತಾನೆ. ಅಷ್ಟರೊಳಗೆ ಒಂದೇ ಒಂದು ವಸ್ತು ಮಾಡಿ ತೋರಿಸು. ಹೊಸ ಮರ ಮುಟ್ಟಬೇಡ. ನಾನು ಜೋಡಣೆ ಮಾತ್ರ ನೋಡೋದು, ಅಂಚಿಗೆ ಅಂಚು ಕೂಡುತ್ತಾ ಅಂತ. ಅದರಲ್ಲಿ ತಪ್ಪು ಸಿಗದೇ ಇದ್ರೆ ಮೇಜು ನಿಂದು,” ಎಂದ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಹಾಗೆಯೇ ತಪ್ಪು ಕಂಡರೆ ನೋಡಿಯೂ ನೋಡದಂತೆ ಇರುವವನೂ ಅಲ್ಲ.

ಹೊಸ ಮರ ಮುಟ್ಟುವಂತಿಲ್ಲವಾದರೆ ಉಳಿದದ್ದು ಗೋಡೆಯ ಬದಿಯ ರಾಶಿ: ಹಲಗೆಗಳನ್ನು ಅಳತೆಗೆ ಕೊಯ್ದಾಗ ಪಕ್ಕದಿಂದ ಬಿದ್ದ, ಬೆರಳಗಲದ ಪಟ್ಟಿಗಳು. ಅವು ನೀರು ಕಾಯಿಸುವ ಒಲೆಗೆ ಹೋಗುತ್ತಿದ್ದವು. ಅತ್ತಿಗೆಗೆ ಹೇಳಿ ಅವಳು ಒಂದು ಕಟ್ಟು ಬೇರೆ ತೆಗೆದಿಟ್ಟುಕೊಂಡಳು. “ತಗೊ ತಗೊ. ನಿನ್ನಿಂದಾಗಿ ಈ ವಾರ ನಿಮ್ಮಣ್ಣನಿಗೆ ತಣ್ಣೀರೇ ಗತಿ,” ಎಂದಳು ಅತ್ತಿಗೆ.

ಮಾಡುವುದೇನೆಂದು ಅವಳು ತುಂಬ ಯೋಚಿಸಲಿಲ್ಲ. ಮುಚ್ಚಳವಿರುವ ಒಂದು ಪೆಟ್ಟಿಗೆ. ಪ್ರತಿ ಗೋಡೆಯೂ ಬೇರೆಬೇರೆ ಬಣ್ಣದ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿದ್ದು. ಮೊಳೆ ಇಲ್ಲ, ಅಂಟು ಮಾತ್ರ.

ಪಟ್ಟಿಗಳನ್ನು ಬೆಳಕಿನ ಕೆಳಗೆ ಹರಡಿಕೊಂಡಾಗ ಅವು ಅವಳಿಗೆ ಹೊತ್ತುಗಳಂತೆ ಕಂಡವು. ಹಲಸಿನದು ಬೆಳಗಿನ ಹಳದಿ. ತೇಗದ್ದು ಮಧ್ಯಾಹ್ನ ಕಳೆದ ಮೇಲಿನ ಕಂದು. ಬೀಟೆಯದು ದೀಪ ಹಚ್ಚುವ ಮುಂಚಿನ ಕಪ್ಪು; ಆ ಕಪ್ಪಿನೊಳಗೆ ಒಂದಿಷ್ಟು ಕೆಂಪು ಇನ್ನೂ ಮಲಗಿರಲಿಲ್ಲ. ಯಾವ ಪಟ್ಟಿ ಯಾವ ಬಾಗಿಲಿನದೆಂದು ಅವಳಿಗೆ ಗೊತ್ತಿತ್ತು. ಇದು ಹೊಲಿಗೆಯವರ ಮನೆಯ ಮುಂಬಾಗಿಲಿನದು. ಇದು ಆಸ್ಪತ್ರೆಯ ಔಷಧದ ಕೋಣೆಯದು. ಬಾಗಿಲುಗಳು ಎಲ್ಲೆಲ್ಲೋ ನಿಂತು ಯಾರ‍್ಯಾರನ್ನೋ ಒಳಗೆ ಬಿಟ್ಟುಕೊಳ್ಳುತ್ತಿರುವಾಗ ಅವುಗಳ ಪಕ್ಕೆಯ ಚೂರುಗಳು ಇಲ್ಲಿ ಅವಳ ಮಡಿಲಲ್ಲಿ ಒಂದರ ಪಕ್ಕ ಒಂದು ಮಲಗಿದ್ದವು, ದೂರದ ಊರುಗಳಿಂದ ಬಂದು ಒಂದೇ ಚಾಪೆ ಹಂಚಿಕೊಂಡ ನೆಂಟರ ಹಾಗೆ.

ಮಾವನ ಮೇಜಿನ ಮೇಲೆ, ಮಾವನದೇ ಮರ ಹೆರೆಯುವ ತೋಪಡದಿಂದ ಅವಳು ಅಂಚುಗಳನ್ನು ಉಜ್ಜಿದಳು. ತೋಪಡದ ಬಾಯಿಂದ ಮರ ತೆಳ್ಳಗೆ ಸುರುಳಿಯಾಗಿ ಎದ್ದು ಬೀಳುತ್ತಿತ್ತು. ಒಂದು ಎಳೆತ, ಒಂದು ಉಸಿರು. ಕೊನೆಕೊನೆಗೆ ಉಸಿರು ಯಾವುದು, ಎಳೆತ ಯಾವುದು ಎಂಬುದೇ ತಿಳಿಯದಾಯಿತು. ಊಟ ಮುಗಿಸಿ ಬಂದವರು ಬಾಗಿಲಲ್ಲಿ ಕೆಮ್ಮಿದಾಗಲೇ ಅವಳು ಎಚ್ಚರಾಗಿ ತನ್ನ ಮೂಲೆಗೆ ಓಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಪಟ್ಟಿಗಳೆಲ್ಲ ತಯಾರಾದವು. ಅಂಟು ಹಚ್ಚುವುದೊಂದೇ ಬಾಕಿ. ಅದಕ್ಕೆ ಮೊದಲು ಬಣ್ಣ ಹೇಗೆ ಹೊಂದುತ್ತದೆಂದು ನೋಡಿಬಿಡೋಣವೆಂದು ಅವಳು ಪಾಲಿಶ್ ಉಂಡೆ ತೆಗೆದುಕೊಂಡಳು. ಒಂದು ಪಟ್ಟಿಯ ಮುಖಕ್ಕೆ ಎಳೆದಳು. ಹಲಸು ಕಣ್ಣು ಬಿಟ್ಟಿತು. ಇನ್ನೊಂದಕ್ಕೆ ಎಳೆದಳು. ಪಾಲಿಶ್‌ನ ಸಿಹಿ ಘಾಟು ತಲೆಗೇರಿ, ಕೊಠಡಿ ದೋಣಿಯಂತೆ ಮೆಲ್ಲಗೆ ತೂಗತೊಡಗಿತು. ಹೊಲಿಗೆಯವರ ಮನೆಯ ಬಾಗಿಲು ತೆರೆದುಕೊಂಡು, ಆ ಮನೆಯೊಳಗಿಂದ ಇನ್ನೊಂದು ಬಾಗಿಲು, ಅದರೊಳಗಿಂದ ಮತ್ತೊಂದು. ಅವಳು ಎಲ್ಲವನ್ನೂ ದಾಟಿ ನಡೆಯುತ್ತಿದ್ದಳು. ಎಲ್ಲ ಕಡೆಯೂ ಅವಳದೇ ಮುಖ ಮರದೊಳಗಿಂದ ನೋಡಿ, ಗುರುತಿದ್ದವರಂತೆ ತಲೆಯಾಡಿಸುತ್ತಿತ್ತು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಬಾಗಿಲಿನ ತಲೆ, ಬುಡ, ಪಕ್ಕ, ಯಾರ ಕಣ್ಣಿಗೂ ಬೀಳದ ಕಡೆಗೂ ಪಾಲಿಶ್ ಹೋಗಲೇಬೇಕು, ನೀರು ನುಗ್ಗುವುದು ಅಲ್ಲಿಂದಲೇ ಎಂಬುದು ಆ ಕೈ ಕಲಿತ ಮೊದಲ ಪಾಠವಾಗಿತ್ತು.

ಸಂಜೆ ಅವಳು ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು, ಬಟ್ಟೆ ಹೊದಿಸಿದಳು.

ಸೋಮವಾರ ಬೆಳಿಗ್ಗೆ ಕ್ಲ್ಯಾಂಪ್ ಬಿಚ್ಚಿದ ಪೆಟ್ಟಿಗೆ ಮಾವನ ಮೇಜಿನ ಮೇಲೆ ಕುಳಿತಿತ್ತು. ಅದನ್ನು ನೋಡಿ ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು, ಆದರೂ ಮುಟ್ಟಲಿಲ್ಲ. “ಅಯ್ಯೋ, ಇದನ್ನಾ ನಾನು ಒಲೆಗೆ ಹಾಕ್ತಿದ್ದದ್ದು!” ಎಂದಳು.

ಅಣ್ಣ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿದ. ಮೂಲೆಗಳನ್ನು ನೋಡಿದ. ಮುಚ್ಚಳ ತೆಗೆದು ಇಟ್ಟ. ಆಮೇಲೆ ಬಾಗಿಲಿಗೆ ಮಾಡುವಂತೆಯೇ ಇದರ ಪಕ್ಕೆಗೂ ಹೆಬ್ಬೆರಳೊತ್ತಿದ.

ಟಕ್ ಎಂದಿತು. ಒಂದು ಪಟ್ಟಿ ಕಳಚಿತು. ಅದರ ಹಿಂದೆಯೇ ಪಕ್ಕದ್ದು, ಅದರಾಚೆಯದ್ದು. ನೋಡನೋಡುತ್ತಿದ್ದಂತೆ ಪೆಟ್ಟಿಗೆ ಅಣ್ಣನ ಅಂಗೈಯಿಂದ ಒಂದೊಂದೇ ಪಟ್ಟಿಯಾಗಿ ಮೇಜಿನ ಮೇಲೆ ಬಿತ್ತು. ಹಳದಿ, ಕಂದು, ಕಪ್ಪು. ಒಂದೂ ಮುರಿದಿರಲಿಲ್ಲ.

ಮೇಜು ಹೋಯಿತು ಎಂದಷ್ಟೇ ಕನ್ನಡಿಗೆ ಹೊಳೆಯಿತು.

ಅಣ್ಣ ಒಂದು ಪಟ್ಟಿಯನ್ನು ಮೂಗಿಗೆ ಹಿಡಿದ. “ಏನೇ ಇದು? ಅಂಚಿಗೂ ಪಾಲಿಶ್ ಹೊಡೆದಿದ್ದೀಯಾ?”

“ಕೈ ನಿಲ್ಲಲಿಲ್ಲ.”

“ಅಂಟು ಹಚ್ಚೋ ಅಂಚಿಗೆ? ಪಾಲಿಶ್ ಮೇಲೆ ಅಂಟು ಹಿಡಿಯುತ್ತೇನೇ, ತಾಯಿ?”

“ಗೊತ್ತು. ಆದ್ರೂ ಕೈ ನಿಲ್ಲಲಿಲ್ಲ ಅಣ್ಣ.”

ಅವನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. “ಬಡಗಿ ಆದವನು ಈ ತಪ್ಪು ಮಾಡೋದು ಕನಸಲ್ಲೂ ಸಾಧ್ಯ ಇಲ್ಲ,” ಎಂದು ನಗುತ್ತ ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ. ನಗು ನಿಂತ ಮೇಲೂ ಎದ್ದು ಹೋಗಲಿಲ್ಲ. ಎರಡು ಪಟ್ಟಿಗಳನ್ನು ಕೈಗೆತ್ತಿಕೊಂಡು, ಅಂಚಿಗೆ ಅಂಚು ಕೂಡಿಸಿ, ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದ. ನಡುವೆ ಕೂದಲಷ್ಟು ಸಂದಿಯಿದ್ದರೂ ಅಲ್ಲಿ ಬೆಳಕಿನ ಗೆರೆ ಮೂಡಬೇಕು. ಮೂಡಲಿಲ್ಲ. ಅವನು ಬೇರೆ ಎರಡನ್ನು ತೆಗೆದುಕೊಂಡ. ಮತ್ತೆ ಬೇರೆ ಎರಡು. ಪೆಟ್ಟಿಗೆ ಅಂಟಿಕೊಂಡಿದ್ದರೆ ಈ ಅಂಚುಗಳನ್ನು ಯಾರೂ ನೋಡುತ್ತಿರಲಿಲ್ಲ. ಸಂದಿಯಿದ್ದಲ್ಲಿ ಅಂಟು ತುಂಬಿಕೊಂಡು ಮರೆಮಾಚುತ್ತಿತ್ತು.

ಯಂತ್ರದವನು ಬಂದದ್ದು ಆಗ. ಬಾಗಿಲಲ್ಲೇ ಟೇಪು ಬಿಚ್ಚಿಕೊಂಡು, “ಎಲ್ಲಿ ಸ್ವಾಮಿ, ಇದೇ ಮೇಜಲ್ವಾ ತೆಗೆಯೋದು?” ಎಂದ.

ಅಣ್ಣ ಕೊನೆಯ ಜೋಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. “ತೋಪಡ ಯಾರು ಹೇಳಿಕೊಟ್ರು? ಮಾವನಾ?” ಎಂದು ತಂಗಿಯನ್ನು ಕೇಳಿದ.

“ಯಾರೂ ಇಲ್ಲ. ಅವರು ಉಜ್ಜುವಾಗ ಆ ಸದ್ದು ಕೇಳ್ತಿದ್ದೆ.”

“ಪೆಟ್ಟಿಗೆಯಲ್ಲಿ ತಪ್ಪಿದೆ,” ಎಂದ ಅಣ್ಣ. “ಬಾಗಿಲಾಗಿದ್ರೆ ಯಾರದೋ ತಲೆ ಮೇಲೆ ಬಿದ್ದಿರೋದು. ಆದ್ರೆ ನಾನು ನೋಡ್ತೀನಿ ಅಂದಿದ್ದು ಜೋಡಣೆ. ಜೋಡಣೇಲಿ ತಪ್ಪಿಲ್ಲ.” ಮುಖ ಬೇರೆ ಕಡೆ ತಿರುಗಿಸಿ ಹೇಳಿದ: “ಯಂತ್ರಾನೂ ಬೇಕು ಕಣೇ. ಅದಕ್ಕೂ ಜಾಗ ಬೇಕು. ನಿಂಗೆ ಎರಡೆರಡು ಜಾಗ ಕೊಡೋಕಾಗಲ್ಲ. ಮೇಜು ತಗೊಂಡ್ರೆ ಆ ಪಾಲಿಶ್ ಮೂಲೆ ಬಿಟ್ಟುಕೊಡ್ಬೇಕು. ಏನಂತೀಯಾ?”

ಅವಳು ತನ್ನ ಮೂಲೆಯತ್ತ ತಿರುಗಿ ನೋಡಿದಳು. ಉಂಡೆ ಒರೆಸಿ ಒರೆಸಿ ಅಲ್ಲಿನ ಗೋಡೆಯ ತುಂಬ ಬಣ್ಣದ ಕಲೆಗಳಾಗಿದ್ದವು. ಜೇನಿನ ಬಣ್ಣ, ಕಾವಿ, ಕಡುಗೆಂಪು, ಒಂದರ ಮೇಲೊಂದು. ಇಷ್ಟು ವರ್ಷದಲ್ಲಿ ಅವಳು ಆ ಗೋಡೆಯನ್ನು ನೋಡಿಯೇ ಇರಲಿಲ್ಲ. ಬಹಳ ಸಂಜೆಗಳು ಒಟ್ಟಿಗೆ ಬಂದು ಅಲ್ಲೇ ಒರಗಿಕೊಂಡಂತಿತ್ತು. ಯಂತ್ರದವನು ಕಾಯುತ್ತಿದ್ದ.

“ಆ ಮೂಲೇನೇ ಅಳೆಯಿರಿ,” ಎಂದಳು ಕನ್ನಡಿ.

ಟೇಪು ಸರ್ರನೆ ಬಿಚ್ಚಿಕೊಂಡು ಆ ಸಂಜೆಗಳ ಮೇಲೆ ಈ ತುದಿಯಿಂದ ಆ ತುದಿಗೆ ಹರಿಯಿತು. ಅವಳು ಅತ್ತ ಬೆನ್ನು ಮಾಡಿ, ಮೇಜಿನ ಮುಂದೆ ನಿಂತು, ಒಂದು ಪಟ್ಟಿಯ ಅಂಚಿನ ಹೊಳಪನ್ನು ಉಳಿಯ ಬಾಯಿಂದ ಕೆರೆಯತೊಡಗಿದಳು. ಬರಿಯ ಮರ ಕಂಡ ಕಡೆ ಕೈ ನಿಲ್ಲಬೇಕಿತ್ತು. ನಿಂತಿತು.