ಬೇಲಿಯಾಚೆಯ ಮರದ ಬಿಳಿ ಸಸಿ

ಪಕ್ಕದ ತೋಟದ ಮರದಲ್ಲಿ ನಾಲ್ಕು ಕಾಯಿ ಜಾಸ್ತಿ ಕಂಡರೆ ಹೊಟ್ಟೆ ಉರಿಯದ ಊರು ಯಾವುದಿದೆ ಹೇಳಿ? ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆದರೆ ಸಿಗುವ ಆ ಪುಟ್ಟ ಊರಿನಲ್ಲೂ ಉರಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಉರಿದದ್ದು ಪುಟ್ಟಗಂಗಮ್ಮನ ಹೊಟ್ಟೆ. ಇದು ೨೦೦೧ರ ಮಾತು. ತೆಂಗಿಗೆ ನುಸಿ ಪೀಡೆ ಬಂದು ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿದ್ದ ವರ್ಷ.

ಪುಟ್ಟಗಂಗಮ್ಮನ ಗಂಡ ಮೂಡಲಗಿರಿಯಪ್ಪ. ಅವನ ತಮ್ಮ ಗಂಗಾಧರ. ಅಣ್ಣತಮ್ಮಂದಿರು ಪಾಲಾದಾಗ ತೋಟದ ನಡುವೆ ಬೇಲಿ ಬಿತ್ತು. ಹಿರಿಯ ಸೊಸೆ ಅಂತ ಮೊದಲು ಪಾಲು ಆರಿಸಿಕೊಂಡವಳು ಪುಟ್ಟಗಂಗಮ್ಮನೇ. "ಬಾವಿ ಇರೋ ಪಡುವಣ ಕಡೆ ನಮಗಿರ್ಲಿ" ಅಂದಳು. ಮೂಡಣ ಕಡೆಯದು ಗಂಗಾಧರನ ಹೆಂಡತಿ ರಾಧಾಮಣಿಗೆ ಹೋಯಿತು. ಅಲ್ಲಿ ಬಚ್ಚಲ ಹಿಂದೆ ಒಂದು ಬಡಕಲು ಮರವಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಬಡಕಲು ಮರ ವರ್ಷಕ್ಕೆ ಇನ್ನೂರು ಕಾಯಿ ಬಿಡತೊಡಗಿತು.

ಬಂದ ನೆಂಟರೆಲ್ಲ ಮೊದಲು ಆ ಮರ ನೋಡುತ್ತಿದ್ದರು, ಆಮೇಲೆ ಕಾಫಿ ಕುಡಿಯುತ್ತಿದ್ದರು. ಪೇಪರಿನವರು ಬಂದು ರಾಧಾಮಣಿಯನ್ನು ಮರದ ಬುಡದಲ್ಲಿ ನಿಲ್ಲಿಸಿ ಫೋಟೋ ಹಿಡಿದುಕೊಂಡು ಹೋದರು. ಮಹಿಳಾ ಸಂಘದಲ್ಲಿ ಸಿದ್ದಮ್ಮ ಬೇರೆ, "ನಿಮ್ ವಾರಗಿತ್ತಿ ಪುಣ್ಯ ಮಾಡವ್ಳೆ ಬುಡು" ಅಂತ ವಾರಕ್ಕೊಂದು ಸಲ ಹೇಳುತ್ತಿದ್ದಳು. ಪುಟ್ಟಗಂಗಮ್ಮ ಸಂಘದಿಂದ ಬಂದು ಬೇಲಿಯಾಚೆ ನೋಡುತ್ತಾ ನಿಲ್ಲುತ್ತಿದ್ದಳು. ತಾನೇ ಬಿಟ್ಟುಕೊಟ್ಟ ಮರ! ಇನ್ನೊಬ್ಬರು ಕಿತ್ತುಕೊಂಡಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ಯಾರನ್ನು ಬೈಯುವುದು?

ಶಿವರಾತ್ರಿ ಕಳೆದ ಮೇಲೆ ಒಂದು ದಿನ ರಾಧಾಮಣಿ ತುರುವೇಕೆರೆಯ ತವರಿಗೆ ಹೋದಳು. ಪುಟ್ಟಗಂಗಮ್ಮ ಮರ ಹತ್ತುವ ದುರ್ಗಯ್ಯನನ್ನು ಕರೆದಳು.

"ದುರ್ಗಯ್ಯ, ಆ ಮರದಲ್ಲಿ ಎರಡು ಗೊನೆ ಬೀಜದ ಕಾಯಿ ಇಳ್ಸು ಕಣ್ಲಾ."

"ಚಿಕ್ಕಮ್ಮೋರ್ನ ಒಂದು ಮಾತು ಕೇಳದಾ ಅವ್ವಾ?"

"ಅವ್ಳನ್ನ ನಾನು ಕೇಳದಾ? ಹತ್ತು ನೀನು."

ಬೀಜದ ಕಾಯಿಯನ್ನು ನಮ್ಮ ಕಡೆ ಯಾರೂ ಮೇಲಿಂದ ಎಸೆಯುವುದಿಲ್ಲ, ಹಗ್ಗ ಕಟ್ಟಿ ಇಳಿಸುತ್ತಾರೆ. ಒಳಗಿನ ಜೀವಕ್ಕೆ ಏಟಾಗಬಾರದು ಅಂತ. ಅವತ್ತು ಆ ಪದ್ಧತಿ ಕಳ್ಳತನಕ್ಕೂ ಒದಗಿಬಂತು. ದಬ್ ಅಂತ ಒಂದು ಸದ್ದೂ ಇಲ್ಲದೆ ಇಪ್ಪತ್ತೆಂಟು ಕಾಯಿ ಬೇಲಿ ದಾಟಿದವು.

ತಂದದ್ದೇನೋ ತಂದಳು, ಇಡುವುದೆಲ್ಲಿ? ಪದ್ಧತಿಯಂತೆ ಅಂಗಳದ ನೆರಳಲ್ಲಿ ಮರಳು ಮುಚ್ಚಿ ಇಟ್ಟರೆ ಬಂದವರು ಕೇಳುತ್ತಾರೆ. ಕೊಬ್ಬರಿ ಅಟ್ಟದ ಮೇಲೆ ಸಾವಿರಾರು ಕಾಯಿ ಒಣಗುತ್ತಿದ್ದವು. ಅವುಗಳ ನಡುವೆ ಇವನ್ನೂ ಸೇರಿಸಿ ಸುಣ್ಣದ ಗುರುತು ಹಾಕಿದಳು. ಕೆಳಗೆ ಒಲೆಯ ಹೊಗೆ, ಮೇಲೆ ಬೇಸಿಗೆಯ ಹೆಂಚು. ನಾಲ್ಕು ತಿಂಗಳು ಅಲ್ಲೇ ಇದ್ದವು.

ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಮಡಿ ಮಾಡಿ ಹೂತಳು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನೋಡ್ತಿರಿ, ಇಪ್ಪತ್ತೆಂಟು ಮರಾನೂ ಇನ್ನೂರು ಇನ್ನೂರು ಬಿಡ್ತವೆ" ಅಂತ ಗಂಡನ ಮುಂದೆ ಹೇಳಿಕೊಂಡಳು. ದಿನಾ ಎರಡು ಸಲ ನೀರು ಹುಯ್ದಳು. ಮೊಳಕೆ ಬಂದದ್ದು ಒಂಬತ್ತು. ಎಂಟು ಸಸಿ ಸೊರಗಿದ ಕಡ್ಡಿಗಳು. ಒಂಬತ್ತನೆಯದು ಬಿಳಿ! ಗರಿಯೂ ಬಿಳಿ, ಬುಡವೂ ಬಿಳಿ, ಹೆಸರಿಗೂ ಹಸಿರಿಲ್ಲ.

ಮೂಡಲಗಿರಿಯಪ್ಪ ನೋಡಿದವನೇ ನಾಲ್ಕು ಹೆಜ್ಜೆ ಹಿಂದೆ ಸರಿದ. "ಇದು ಮಾಟ ಕಣೇ. ಆ ಮರಕ್ಕೇ ಏನೋ ಕಟ್ಟು ಹಾಕ್ಸವ್ರೆ, ಬೇರೆಯವ್ರಿಗೆ ದಕ್ಕಬಾರ್ದು ಅಂತ."

ಪುಟ್ಟಗಂಗಮ್ಮನಿಗೆ ಬೇಕಾಗಿದ್ದದ್ದೂ ಇಂಥ ಮಾತೇ. ಇಷ್ಟು ದಿನ ಹೊಟ್ಟೆಕಿಚ್ಚಿಗೆ ಕಾರಣ ಇರಲಿಲ್ಲ, ಈಗ ಒಂದು ಸಿಕ್ಕಿತು. ಎದುರಿಗೆ ಬಂದ ರಾಧಾಮಣಿ "ಊಟ ಆಯ್ತಾ ಅಕ್ಕಾ?" ಅಂದರೆ, ಮುಖ ತಿರುಗಿಸಿ ಉಗಿದು ಹೋದಳು. ಪಾಪ, ರಾಧಾಮಣಿಗೆ ತಲೆಬುಡ ಗೊತ್ತಾಗಲಿಲ್ಲ.

ಅದೇ ವಾರ ತೋಟಗಾರಿಕೆ ಇಲಾಖೆಯ ಕಡೆಯಿಂದ ಅನುಪಮಾ ಅನ್ನುವ ಹುಡುಗಿ ಸಂಘಕ್ಕೆ ಬಂದಳು. ಚಿಕ್ಕನಾಯಕನಹಳ್ಳಿಯವಳು, ಮಾತಿನಲ್ಲಿ ಚುರುಕು. ನುಸಿಗೆ ಬೇರಿನಿಂದ ಬೇವಿನ ಔಷಧಿ ಕುಡಿಸುವುದನ್ನು ಹೇಳಿಕೊಟ್ಟಳು. ಎಳೆಯ ಬೇರು ಹುಡುಕಿ ಓರೆಯಾಗಿ ಕೊಯ್ಯಬೇಕು, ಔಷಧಿಯ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ ಕಟ್ಟಬೇಕು. ಮರ ಕುಡಿದುಕೊಳ್ಳುತ್ತದೆ. ಎಲ್ಲರೂ ಕಲಿತರು. ಪುಟ್ಟಗಂಗಮ್ಮ ಎಲ್ಲರಿಗಿಂತ ಚೆನ್ನಾಗಿ ಕಲಿತಳು, ಆದರೆ ಅವಳ ಮನಸ್ಸಿನಲ್ಲಿದ್ದದ್ದು ಬೇವಿನೆಣ್ಣೆಯಲ್ಲ.

ಮಾರನೇ ದಿನ ರಾಧಾಮಣಿ ತಿಪಟೂರಿನ ಸಂತೆಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ. ಮರಗಳ ಬೇರು ನೋಡಲು ತೋಟ ತಿರುಗುತ್ತಿದ್ದ ಅನುಪಮಾಗೆ ಆ ಹೆಸರಾಂತ ಮರದ ಬುಡದಲ್ಲಿ ಪುಟ್ಟಗಂಗಮ್ಮ ಕುಕ್ಕರಗಾಲಲ್ಲಿ ಕೂತಿರುವುದು ಕಂಡಿತು. ಬೇರು ಕೊಯ್ದಾಗಿತ್ತು. ಕೈಯಲ್ಲಿ ಕವರಿತ್ತು.

"ವಾರಗಿತ್ತಿ ಮರಕ್ಕೂ ಔಷಧಿನಾ? ಒಳ್ಳೇ ಕೆಲಸ ಬಿಡಿ ಅಮ್ಮ" ಅಂತ ಅನುಪಮಾ ಹತ್ತಿರ ಬಂದಳು. ಬಗ್ಗಿದಳು. ಮುಖ ಕಿವುಚಿದಳು. "ಬೇವಿನ ವಾಸನೆ ಇಲ್ವಲ್ಲ. ಇದು... ಅಮ್ಮಾ, ಇದು ಕಳೆ ಸಾಯ್ಸೋ ಔಷಧಿ!"

ಕವರನ್ನು ಕಿತ್ತುಕೊಂಡಳು. ಪುಟ್ಟಗಂಗಮ್ಮ ದಡಕ್ಕನೆ ಎದ್ದಳು. ಮೊದಲು ಸಿಟ್ಟು ಬಂತು, ಹಿಂದೆಯೇ ಅಳು ಬಂತು.

"ಅವ್ಳು ಮಾಟ ಮಾಡ್ಸವ್ಳೆ ಕಣ್ ಮೇಡಮ್ಮು! ಬಾ, ಕಣ್ಣಾರೆ ನೋಡು ಬಾ!"

ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಹಿತ್ತಲ ಮಡಿ ತೋರಿಸಿದಳು. ಕದ್ದದ್ದು, ಅಟ್ಟದಲ್ಲಿ ಬಚ್ಚಿಟ್ಟದ್ದು, ತಾಯಿಯಂತೆ ಮಗಳು ಅಂತ ನಂಬಿ ಹೂತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೂಡಲಗಿರಿಯಪ್ಪನೂ ಬಂದು ನಿಂತ. ಬಿಳಿ ಸಸಿ ನೋಡಿ ಅನುಪಮಾ ಹೆದರಲಿಲ್ಲ. ಮುಟ್ಟಿ ನೋಡಿದಳು.

"ಇದು ಅಪರೂಪಕ್ಕೆ ಎಲ್ಲಾ ನರ್ಸರಿಲೂ ಬರುತ್ತೆ ಅಮ್ಮ. ಮಾಟ ಅಲ್ಲ, ತಪ್ಪಕ್ಷರ."

"ಗಿಡಕ್ಕೆ ಅಕ್ಷರ ಎಲ್ಲಿಂದ ಬಂತವ್ವಾ?" ಅಂದ ಮೂಡಲಗಿರಿಯಪ್ಪ.

ಅಲ್ಲೇ ಬಿದ್ದಿದ್ದ ನಾರಿನ ಹುರಿಯ ತುಂಡೊಂದನ್ನು ಅನುಪಮಾ ಎತ್ತಿಕೊಂಡಳು. "ಈ ಹುರೀಲಿ ಎಷ್ಟು ಎಳೆ ಅಮ್ಮ?"

"ಎರಡು. ನಾನೇ ಹೊಸ್ದಿದ್ದು."

"ಮರ ಆಗ್ಲಿ ಮನುಷ್ಯ ಆಗ್ಲಿ, ಒಂದೊಂದು ಜೀವಕೋಶದೊಳಗೂ ಹಿಂಗೇ ಎರಡೆಳೆ ಹೊಸೆದ ದಾರ ಇರುತ್ತೆ. ಅದಕ್ಕೆ ಡಿಎನ್‌ಎ ಅಂತಾರೆ. ಎರಡು ಎಳೆ ಮಧ್ಯೆ ಏಣಿ ಥರ ಮೆಟ್ಟಿಲು. ಅದ್ರಲ್ಲಿ ನಾಕೇ ಅಕ್ಷರ, ಎ, ಟಿ, ಜಿ, ಸಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಹೆಣ್ಣು ಕೊಡೋ ಮನೆ, ತಗೊಳೋ ಮನೆ ಗೊತ್ತಾಗಿರೋ ಹಂಗೆ. ಮರ ಎತ್ತರ ಬೆಳೀಬೇಕಾ, ಗರಿ ಹಸಿರಾಗ್ಬೇಕಾ, ಎಲ್ಲಾ ಆ ಅಕ್ಷರದ ಸಾಲಲ್ಲೇ ಬರೆದಿರುತ್ತೆ. ಒಂದು ಗುಣಕ್ಕೆ ಬೇಕಾದ ಸಾಲನ್ನ ಜೀನ್ ಅಂತಾರೆ."

ಹುರಿಯನ್ನು ಬಿಚ್ಚಿ ಎರಡು ಎಳೆ ಬೇರೆ ಮಾಡಿ ತೋರಿಸಿದಳು. "ಜೀವ ಬೆಳೆಯುವಾಗ ದಾರ ಹಿಂಗೆ ಬಿಚ್ಕೊಳುತ್ತೆ. ಒಂದೊಂದು ಎಳೆನೂ ತನ್ನ ಜೋಡೀನ ಹೊಸದಾಗಿ ಕಟ್ಕೊಳುತ್ತೆ. ಒಂದಿದ್ದದ್ದು ಎರಡಾಯ್ತು. ಹಿಂಗೆ ನಕಲು ಮಾಡುವಾಗ ಅಪರೂಪಕ್ಕೆ ಒಂದಕ್ಷರ ತಪ್ಪುತ್ತೆ."

"ರೇಷನ್ ಕಾರ್ಡಲ್ಲಿ ಸಿದ್ದಮ್ಮನ್ನ ಸಿದ್ದಪ್ಪ ಅಂತ ಬರ್ದು ಕೊಟ್ಟಿದ್ರಲ್ಲ, ಹಂಗಾ?" ಅಂದಳು ಪುಟ್ಟಗಂಗಮ್ಮ.

"ಹಂಗೇ! ಅದಕ್ಕೆ ಮ್ಯುಟೇಷನ್ ಅಂತಾರೆ. ಎಷ್ಟೋ ತಪ್ಪಿಂದ ಏನೂ ಆಗಲ್ಲ. ಕೆಲವು ಒಳ್ಳೇದೂ ಮಾಡ್ತವೆ. ಇಲ್ಲಿ ಹಸಿರು ಮಾಡೋ ಸಾಲು ಕೆಟ್ಟಿದೆ. ಹಸಿರಿಲ್ಲದ ಗಿಡ ಬಿಸಿಲಲ್ಲಿ ಅಡಿಗೆ ಮಾಡ್ಕೊಳ್ಳಲ್ಲ. ಕಾಯೊಳಗಿನ ಬುತ್ತಿ ಮುಗಿದ ದಿನ ಸಾಯುತ್ತೆ."

"ಅವ್ಳ ಮರದಲ್ಲಿ ತಪ್ಪಿತ್ತು ಅನ್ನು!" ಪುಟ್ಟಗಂಗಮ್ಮನ ದನಿಯಲ್ಲಿ ಖುಷಿ ಇಣುಕಿತು. ಏನು ಹೇಳೋಣ, ಕಿಚ್ಚು ಅಷ್ಟು ಸುಲಭಕ್ಕೆ ಆರುತ್ತದೆಯೇ?

"ಅರ್ಧ ಮಾತ್ರ. ತಾಯಿಯಂತೆ ಮಗಳು ಅಂದ್ರಲ್ಲ, ಅಪ್ಪನ್ನ ಮರೆತೇಬಿಟ್ರಾ? ನಮ್ಮ ಎತ್ತರದ ತಳಿ ತೆಂಗಿನ ಹೊಂಬಾಳೇಲಿ ಗಂಡು ಹೂವು ಮೊದಲು ಅರಳಿ ಉದುರಿ ಹೋಗುತ್ತೆ. ಹೆಣ್ಣು ಹೂವು ಆಮೇಲೆ. ಅದಕ್ಕೆ ಜೇನು, ಗಾಳಿ ಬೇರೆ ಮರದ ಪರಾಗ ತಂದುಕೊಡ್ಬೇಕು. ಕಾಯಿಗೆ ಅರ್ಧ ದಾರ ತಾಯಿ ಮರದ್ದು, ಅರ್ಧ ಅಪ್ಪನ ಮರದ್ದು. ಎರಡು ಕಡೆಯಿಂದಲೂ ಅದೇ ತಪ್ಪು ಬಂದ್ರೆ ಮಾತ್ರ ಸಸಿ ಬಿಳಿ."

"ಅಪ್ಪ ಯಾವ ಮರ ಹಂಗಾರೆ?"

ಅನುಪಮಾ ಬೇಲಿಯತ್ತ ತಿರುಗಿದಳು. ಬೇಲಿಗೆ ಒತ್ತಿಕೊಂಡು ಪುಟ್ಟಗಂಗಮ್ಮನವೇ ಆರು ಮರಗಳು ನಿಂತಿದ್ದವು. "ಇಂಥದ್ದೇ ಅಂತ ಹೇಳಕ್ಕಾಗಲ್ಲ. ಆದ್ರೆ ಹತ್ತಿರ ಇರೋವು ನಿಮ್ಮವೇ. ನಿಮ್ಮ ಮರ, ಅವ್ರ ಮರ ಬೀಗರು ಕಣಮ್ಮ."

ಪುಟ್ಟಗಂಗಮ್ಮ ಆ ಆರೂ ಮರಗಳನ್ನು ಒಂದೊಂದಾಗಿ ನೋಡಿದಳು. ಊರೆಲ್ಲ ಹೊಗಳುತ್ತಿದ್ದ ಆ ಮರದ ಎಷ್ಟು ಮಕ್ಕಳಿಗೆ ತನ್ನ ತೋಟವೇ ತಂದೆಯ ಮನೆಯಾಗಿತ್ತೋ! ಇಷ್ಟು ವರ್ಷ ಉರಿದದ್ದು ಯಾರ ಮೇಲೆ ಅಂತ ಅವಳಿಗೆ ನಾಚಿಕೆಯಾಯಿತು.

"ಮತ್ತೆ ಮಿಕ್ಕ ಕಾಯಿ ಯಾಕೆ ಮೊಳೀಲಿಲ್ಲ?" ಮೂಡಲಗಿರಿಯಪ್ಪ ಬಿಡಲಿಲ್ಲ.

"ಕೊಬ್ಬರಿ ಅಟ್ಟದಲ್ಲಿಟ್ರೆ ಕೊಬ್ಬರಿ ಆಗ್ತವೆ, ಸಸಿ ಆಗ್ತವಾ? ಒಳಗಿನ ನೀರು ಇಂಗಿಹೋಗಿದೆ. ಇನ್ನು ಆ ಮರಕ್ಕೆ ಹತ್ತು ವರ್ಷದಿಂದ ಬಚ್ಚಲ ನೀರು, ಗೊಬ್ಬರ ಬಿದ್ದಿದೆ. ದಾರದಲ್ಲಿ ಬರೆದಿದ್ರೆ ಸಾಲದು, ಸಾಕಬೇಕು."

"ಆ ಮರದ್ದೇ ಪಡಿಯಚ್ಚು ಮಾಡಕ್ಕಾಗಲ್ವಾ? ತಿಪಟೂರಲ್ಲಿ ಯಾರೋ ಕ್ಲೋನು ತೆಂಗಿನ ಸಸಿ ಮಾರ್ತಾವ್ರಂತೆ" ಅಂತ ಮೂಡಲಗಿರಿಯಪ್ಪ ಮತ್ತೆ ಕೇಳಿದ.

"ಬಾಳೆಗೆ ಆಗುತ್ತೆ. ತೆಂಗಲ್ಲಿ ಇನ್ನೂ ರೈತರ ಕೈಗೆ ಬಂದಿಲ್ಲ. ಕೊಡ್ತೀವಿ ಅಂದೋರನ್ನ ನಂಬಬೇಡಿ. ಜೀನ್ ಕ್ಲೋನಿಂಗ್ ಅನ್ನೋದು ಬೇರೆ. ಸಕ್ಕರೆ ಕಾಯಿಲೆಯೋರು ಚುಚ್ಚಿಸ್ಕೊಳ್ತಾರಲ್ಲ ಇನ್ಸುಲಿನ್ನು, ಈಗಿನ ಹೊಸದನ್ನ ಹಂಗೇ ಮಾಡೋದು. ಮನುಷ್ಯನ ದಾರದಲ್ಲಿರೋ ಇನ್ಸುಲಿನ್ ಸಾಲನ್ನ ಸಣ್ಣ ಸೂಕ್ಷ್ಮಜೀವಿಯ ದಾರಕ್ಕೆ ಹೊಸೆದುಬಿಡ್ತಾರೆ. ಒಂದು ಚಮಚ ಹೆಪ್ಪಿಂದ ಗಡಿಗೆ ಮೊಸರಾಗೋ ಹಂಗೆ ಅದು ಕೋಟಿ ಕೋಟಿಯಾಗಿ ಬೆಳೆಯುತ್ತೆ. ಜೊತೆಗೆ ಆ ಸಾಲೂ ಬೆಳೆಯುತ್ತೆ, ಇನ್ಸುಲಿನ್ನೂ ಬರುತ್ತೆ."

ಮೂಡಲಗಿರಿಯಪ್ಪ ತಲೆ ಕೆರೆದುಕೊಂಡ. ಅಷ್ಟರಲ್ಲಿ ಸಂತೆ ಚೀಲ ಹೊತ್ತು ರಾಧಾಮಣಿ ಬಂದಳು. ಜನ ಸೇರಿರುವುದು ಕಂಡು ಬೇಲಿಯ ಹತ್ತಿರವೇ ನಿಂತಳು. ಅನುಪಮಾ ಕವರನ್ನು ಬೆನ್ನ ಹಿಂದೆ ಮಾಡಿಕೊಂಡಳು. ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಟ್ಟಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೇಲಿಯ ಬಳಿಗೆ ತಾನೇ ಹೋದಳು.

"ರಾಧಾಮಣಿ, ನಿನ್ ಮರದ ಕಾಯಿ ಕದ್ದಿದ್ದೆ ಕಣೇ. ಇವತ್ತು ಬೇರು ಕೊಯ್ದೆ. ವಿಷ ಕುಡ್ಸಕ್ಕೆ."

ರಾಧಾಮಣಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಚೀಲ ಅಲ್ಲೇ ಕೆಡವಿ ಮರದ ಬುಡಕ್ಕೆ ಓಡಿದಳು. ಮಣ್ಣು ಕೆದಕಿ ನೋಡಿದಳು. ವಾಪಸು ಬಂದಾಗ ಕಣ್ಣು ಕೆಂಪಾಗಿತ್ತು.

"ಒಂದೇ ಬೇರಾ?"

"ಒಂದೇ. ವಿಷ ಇನ್ನೂ ಮುಟ್ಟಿಸಿರ್ಲಿಲ್ಲ."

"ಕೇಳಿದ್ರೆ ಕೊಡ್ತಿರ್ಲಿಲ್ವಾ ಅಕ್ಕಾ? ಊರೋರಿಗೆಲ್ಲ ಕೊಟ್ಟಿದೀನಿ. ನೀನು ಯಾವತ್ತು ಕೇಳ್ತೀಯೋ ಅಂತ ಪ್ರತಿ ವರ್ಷ ಒಂದು ಗೊನೆ ಬಿಟ್ಟಿರ್ತೀನಿ, ಗೊತ್ತಾ?"

ರಾಧಾಮಣಿ ಅವತ್ತು ಕ್ಷಮಿಸಲಿಲ್ಲ. ಒಂದು ವಾರ ಬೇಲಿಯ ಕಡೆಗೇ ಬರಲಿಲ್ಲ. ಎಂಟನೇ ದಿನ ದುರ್ಗಯ್ಯನನ್ನು ಕರೆದುಕೊಂಡು ರಾಧಾಮಣಿಯೇ ಬಂದಳು. "ಮೇಡಂ ಹೇಳವ್ರೆ, ಒಂದೇ ಮರ ನೆಚ್ಕೋಬಾರ್ದಂತೆ. ನಿಮ್ ಕಡೆ ಒಳ್ಳೇ ಮರ ಯಾವ್ಯಾವು ಅವೆ, ತೋರ್ಸು" ಅಂದಳು. ಎರಡೂ ತೋಟದಿಂದ ಹತ್ತು ತಾಯಿಮರ ಆರಿಸಿದರು. ಕಾಲ ಬಂದಾಗ ಕಾಯಿ ಇಳಿಸಿ, ನೆರಳಲ್ಲಿ ಮರಳು ಮುಚ್ಚಿ ಇಟ್ಟರು, ಮಳೆಗೆ ಹೂತರು. ಆ ಮಡಿಯಲ್ಲೂ ಒಂದು ಬಿಳಿ ಸಸಿ ಬಂತು. ಈ ಸಲ ಮೂಡಲಗಿರಿಯಪ್ಪ ಹಿಂದೆ ಸರಿಯಲಿಲ್ಲ. ಕಿತ್ತು ತಿಪ್ಪೆಗೆ ಹಾಕಿ, ನೋಡಲು ಬಂದವರಿಗೆಲ್ಲ ಮಾಟವಲ್ಲ ಅಂತ ತಾನೇ ಬಿಡಿಸಿ ಹೇಳಿದ.

ತೆಂಗು ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಒಂದೇ ಮರದ ಹಿಂದೆ ಬೀಳಬೇಡಿ. ವರ್ಷ ವರ್ಷವೂ ತಪ್ಪದೆ ಕಾಯಿ ಬಿಡುವ ಹಲವು ಮರಗಳಿಂದ ಬಲಿತ ಕಾಯಿ ಆರಿಸಿ. ಬಿಸಿಲಿಗೂ ಹೊಗೆಗೂ ಇಡಬೇಡಿ. ತಡವಾಗಿ ಮೊಳೆತದ್ದು, ಸೊರಗಿದ್ದು, ಬಿಳಿಚಿದ್ದು ಕಂಡರೆ ಕನಿಕರ ಮಾಡದೆ ಕಿತ್ತು ಹಾಕಿ, ಬುಡ ದಪ್ಪಗಿರುವ ಸಸಿಯನ್ನೇ ನೆಡಿ. ಕ್ಲೋನು ತೆಂಗು ಅಂತ ಯಾರಾದರೂ ಬಂದರೆ ತೋಟಗಾರಿಕೆಯವರನ್ನು ಕೇಳದೆ ಕೊಳ್ಳಬೇಡಿ. ಗಿಡದಲ್ಲಾಗಲಿ ಮನೆಯ ಮಗುವಿನಲ್ಲಾಗಲಿ ಏನಾದರೂ ವ್ಯತ್ಯಾಸ ಕಂಡರೆ ತಾಯಿಯನ್ನೂ ದೂರಬೇಡಿ, ನೆರೆಯವರನ್ನೂ ದೂರಬೇಡಿ, ತಿಳಿದವರನ್ನು ಕೇಳಿ. ಪಕ್ಕದವರ ಮರದ ಕಾಯಿ ಚೆನ್ನಾಗಿದೆಯೇ? ಬೇಲಿಯ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ. ನಿಮಗಾಗಿ ಅವರು ಒಂದು ಗೊನೆ ಬಿಟ್ಟಿರಬಹುದು.